ಆ ಕೆಂಪು ನೀರು ಹೊಳೆಗೆ ಬಿದ್ದರೆ?

ಸಂಪಾದಕರಿಗೆ ನಮಸ್ಕಾರ.

ಕಾಡ್ಗಿಚ್ಚಿನ ಸುದ್ದಿ ಬಂದಾಗಲೆಲ್ಲ ಒಂದೇ ಥರದ ಫೋಟೊ ಇರುತ್ತದೆ. ಹೊಗೆಯ ನಡುವೆ ವಿಮಾನ, ಅದರ ಹೊಟ್ಟೆಯಿಂದ ಸುರಿಯುವ ಕಡುಗೆಂಪು ಮಳೆ. ಮೊನ್ನೆ ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಆ ಕೆಂಪು ಏನು ಅಂತ ಮಾತ್ರ ಕೆಳಗೆ ಬರೆದಿರಲಿಲ್ಲ.

ಅದು ಬರೀ ಬಣ್ಣದ ನೀರಲ್ಲ. ಸಾಮಾನ್ಯವಾಗಿ ಅದರಲ್ಲಿ ಅಮೋನಿಯಂ ಫಾಸ್ಫೇಟ್ ಬೆರೆಸಿರುತ್ತಾರೆ. ಹೊಲಕ್ಕೆ ಹಾಕುವ ಗೊಬ್ಬರದ ಜಾತಿಯದೇ. ಎಲ್ಲಿ ಸುರಿದಿದೆ ಅಂತ ಪೈಲಟ್‌ಗಳಿಗೆ ಕಾಣಲಿ ಎಂದು ಕೆಂಪು ಬಣ್ಣ. ಹೆಚ್ಚಾಗಿ ಇದನ್ನು ಹಾಕುವುದು ಉರಿಯುವ ಬೆಂಕಿಯ ಮೇಲಲ್ಲ, ಬೆಂಕಿ ಇನ್ನೂ ತಲುಪದ ಗಿಡ, ಹುಲ್ಲಿನ ಮೇಲೆ. ನೀರು ಆರಿದ ಮೇಲೂ ಅಂಟಿಕೊಂಡಿದ್ದು ಉರಿಯನ್ನು ತಡೆಯುತ್ತದೆ.

ನಾನು 20 ವರ್ಷದಿಂದ ಮನೆಯಲ್ಲಿ ಮೀನು ಸಾಕುತ್ತಿದ್ದೇನೆ. ನಮ್ಮಂಥವರಿಗೆ ಅಮೋನಿಯಾ ಅಂದರೆ ಭಯ. ಮೀನಿನ ಹೊಲಸಿನಿಂದಲೇ ನೀರಿಗೆ ಸೇರುವ ವಿಷ ಅದು. ಒಮ್ಮೆ ಹೊಸ ತೊಟ್ಟಿಗೆ ಒಟ್ಟಿಗೇ ಜಾಸ್ತಿ ಮೀನು ಬಿಟ್ಟುಬಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕಿವಿರು ಕೆಂಪಗಾಗಿತ್ತು. ನೀರು ನೋಡಲು ತಿಳಿಯಾಗಿಯೇ ಇತ್ತು. ಅಮೋನಿಯಾ ಪರೀಕ್ಷೆಯ ಕೊಳವೆಯಲ್ಲಿ ಮಾತ್ರ ಹಳದಿ ಇರಬೇಕಾದದ್ದು ಹಸಿರಾಯಿತು. ಅರ್ಧ ನೀರು ಬದಲಿಸಿ ಕೆಲವನ್ನು ಉಳಿಸಿಕೊಂಡೆ. ಈ ಗೊಬ್ಬರ ಹೊಳೆಗೆ ಬಿದ್ದರೂ ಅದೇ ಅಮೋನಿಯಾ. ಅಲ್ಲಿ ನೀರು ಬದಲಿಸಲು ಬರುವುದಿಲ್ಲ.

2002ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಫಾಲ್ ರಿವರ್ ಎಂಬ ನದಿಗೆ ವಿಮಾನದಿಂದ ಇಂಥದೇ ದ್ರಾವಣ ಬಿತ್ತು. 20,000ಕ್ಕೂ ಹೆಚ್ಚು ಮೀನು ಸತ್ತವು. ನೀರಿನಿಂದ 300 ಅಡಿ ದೂರ ಬಿಟ್ಟು ಸುರಿಯಬೇಕು ಅಂತ ಅಲ್ಲಿನ ಅರಣ್ಯ ಸೇವೆಯ ನಿಯಮವಿದೆ. ಆದರೂ ಹತ್ತು ವರ್ಷದಲ್ಲಿ 200ಕ್ಕೂ ಹೆಚ್ಚು ಸಲ ನೀರಿಗೆ ಬಿದ್ದದ್ದನ್ನು ಸರ್ಕಾರವೇ ಒಪ್ಪಿಕೊಂಡಿತು. 2023ರಲ್ಲಿ ಮೊಂಟಾನಾದ ಫೆಡರಲ್ ನ್ಯಾಯಾಧೀಶರು, ಪರವಾನಗಿ ಇಲ್ಲದೆ ನೀರಿಗೆ ಸುರಿದದ್ದು ಅಲ್ಲಿನ ಶುದ್ಧ ನೀರಿನ ಕಾಯ್ದೆಗೆ ವಿರುದ್ಧ ಎಂದರು. ಬಳಕೆಯನ್ನೇ ನಿಲ್ಲಿಸಿ ಅನ್ನಲಿಲ್ಲ. ಊರಿಗೆ ಊರೇ ಬೆಂಕಿಗೆ ಸಿಕ್ಕಿರುವಾಗ ಹಾಗೆ ಹೇಳಲು ನನಗೂ ಮನಸ್ಸು ಬರುವುದಿಲ್ಲ.

ನೆಲಕ್ಕೂ ತೊಂದರೆ ಇದೆ. ಗೊಬ್ಬರ ಬಿದ್ದಲ್ಲಿ ಕಳೆಹುಲ್ಲು ಸೊಕ್ಕಿ ಬೆಳೆಯಬಹುದು. ಅದು ಒಣಗಿದರೆ ಮುಂದಿನ ಬೆಂಕಿಗೆ ಮೇವು.

ಬರೀ ನೀರು ಹೊರುವ ವಿಮಾನಗಳೂ ಇವೆ. ಸಿಎಲ್-415 ಎಂಬುದು ಕೆರೆಯ ಮೇಲೆ ಉಜ್ಜಿಕೊಂಡು ಹೋಗುತ್ತಲೇ 12 ಸೆಕೆಂಡಿನಲ್ಲಿ ಸುಮಾರು 6,000 ಲೀಟರ್ ತುಂಬಿಕೊಳ್ಳುತ್ತದೆ. ಹೊಳೆಯ ಹತ್ತಿರವಾದರೂ ಇಂಥದ್ದನ್ನೇ ಬಳಸಬಹುದು, ಅಲ್ವಾ? ಟ್ಯಾಂಕನ್ನು ಮಾತ್ರ ಚೆನ್ನಾಗಿ ತೊಳೆಯಬೇಕು. ಇಲ್ಲದಿದ್ದರೆ ಒಂದು ಕೆರೆಯ ಜೀವಿಗಳು ಇನ್ನೊಂದಕ್ಕೆ ಹೋಗಿ ಸೇರುತ್ತವೆ. ಮೀನು ಸಾಕುವವರು ಒಂದು ತೊಟ್ಟಿಯ ಬಲೆಯನ್ನು ತೊಳೆಯದೆ ಇನ್ನೊಂದಕ್ಕೆ ಹಾಕುವುದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಫೋಟೊ ಹಾಕುವಾಗ ವಿಮಾನ ಸುರಿದದ್ದು ಏನು, ಎಷ್ಟು ಲೀಟರ್, ಹೊಳೆ ಎಷ್ಟು ದೂರ ಅಂತ ಕೇಳಿ ಬರೆಯಿರಿ. ಬೆಂಕಿ ಆರಿ ಒಂದು ವಾರವಾದ ಮೇಲೆ, ಆ ನೀರಿನಲ್ಲಿ ಮೀನು ಉಳಿದಿವೆಯಾ ಅಂತಲೂ ಒಮ್ಮೆ ವಿಚಾರಿಸಿ.

ಇಂತಿ,
ಮೀನು ಸಾಕುವ ನಿಮ್ಮ ಓದುಗ