ಕಡಲ ತೈಲಕ್ಷೇತ್ರಗಳ ಸುರಕ್ಷತೆಗೆ ಸ್ವತಂತ್ರ ಸಂಸ್ಥೆ ಬೇಕು

ಮಾನ್ಯ ಸಂಪಾದಕರೇ,

ಮುಂಬೈ ತೀರದಿಂದ ಸುಮಾರು 160 ಕಿ.ಮೀ. ದೂರದಲ್ಲಿ, 1974ರಲ್ಲಿ ಪತ್ತೆಯಾದ ಬಾಂಬೆ ಹೈ ತೈಲಕ್ಷೇತ್ರದ ಕೊಡುಗೆಯನ್ನು ನಾವು ಆಗಾಗ ಸ್ಮರಿಸುತ್ತೇವೆ. ಅಲ್ಲಿ ದುಡಿಯುವವರ ಸುರಕ್ಷತೆಯ ಮಾತು ಮಾತ್ರ ದುರಂತ ನಡೆದಾಗಲಷ್ಟೇ ಕೇಳಿಬರುತ್ತದೆ. 2005ರ ಜುಲೈ 27ರಂದು, ಗಾಯಾಳು ಸಿಬ್ಬಂದಿಯನ್ನು ಸಾಗಿಸುತ್ತಿದ್ದ ನೌಕೆಯೊಂದು ಮುಂಗಾರಿನ ಅಲೆಗಳ ನಡುವೆ ತೈಲವೇದಿಕೆಯ (ಕಡಲಲ್ಲಿ ನಿಲ್ಲಿಸಿ ತೈಲ ತೆಗೆಯುವ ಕಟ್ಟಡದ) ಅನಿಲ ಕೊಳವೆಗೆ ಬಡಿದು ಹೊತ್ತಿದ ಬೆಂಕಿಯಲ್ಲಿ 22 ಮಂದಿ ಮಡಿದರು. 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತದ ಮುನ್ಸೂಚನೆಯಿದ್ದರೂ ಕಾರ್ಮಿಕರನ್ನು ಹೊತ್ತು ಕಡಲಲ್ಲೇ ಉಳಿದಿದ್ದ ಪಿ-305 ಬಾರ್ಜ್ (ಚಪ್ಪಟೆ ತಳದ ನೌಕೆ) ಮುಳುಗಿ ಹತ್ತಾರು ಜೀವಗಳು ಹೋದವು.

1988ರಲ್ಲಿ ಬ್ರಿಟನ್ ಬಳಿಯ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆ ಸ್ಫೋಟಿಸಿ 167 ಮಂದಿ ಸತ್ತಿದ್ದರು. ಸುರಕ್ಷತಾ ಕವಾಟವನ್ನು ದುರಸ್ತಿಗೆಂದು ತೆಗೆದಿದ್ದ ಪಂಪನ್ನು, ಆ ವಿಷಯ ತಿಳಿಯದ ರಾತ್ರಿ ಪಾಳಿಯವರು ಚಾಲೂ ಮಾಡಿದ್ದರು. ಕಾಗದದ ಮೇಲಿದ್ದ ಮಾಹಿತಿ ಪಾಳಿಯಿಂದ ಪಾಳಿಗೆ ದಾಟಲಿಲ್ಲ ಎಂಬುದು ಇಂದಿಗೂ ಮನಸ್ಸನ್ನು ಕಲಕುತ್ತದೆ. ಈ ದುರಂತದ ಬಗ್ಗೆ ನ್ಯಾಯಾಧೀಶ ಲಾರ್ಡ್ ಕಲೆನ್ ಅವರ ತನಿಖಾ ವರದಿಯು 1990ರಲ್ಲಿ ಮಾಡಿದ 106 ಶಿಫಾರಸುಗಳ ಫಲವಾಗಿ, ಕಡಲ ಸುರಕ್ಷತೆಯ ಹೊಣೆಯು ಬ್ರಿಟನ್ನಿನ ಇಂಧನ ಇಲಾಖೆಯ ಕೈತಪ್ಪಿ ಪ್ರತ್ಯೇಕ ಸಂಸ್ಥೆಗೆ ಹೋಯಿತು.

ನಮ್ಮಲ್ಲಿ ಈ ಹೊಣೆ ಹೊತ್ತಿರುವ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವು ಪೆಟ್ರೋಲಿಯಂ ಸಚಿವಾಲಯದ ಅಧೀನದಲ್ಲಿಯೇ ಇದೆ. ಉತ್ಪಾದನೆ ಹೆಚ್ಚಿಸಬೇಕಾದವರೇ ಅದನ್ನು ನಿಲ್ಲಿಸುವ ಆದೇಶವನ್ನೂ ನೀಡಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಗುತ್ತಿಗೆ ಕಾರ್ಮಿಕರ ಬಾರ್ಜ್‌ಗಳನ್ನೂ ಒಳಗೊಂಡಂತೆ ಇಡೀ ಕಡಲ ತೈಲೋದ್ಯಮವನ್ನು ಸ್ವತಂತ್ರ ಸಂಸ್ಥೆಯೊಂದರ ನಿಗಾಕ್ಕೆ ಒಪ್ಪಿಸುವಂತೆ ಕೇಂದ್ರ ಸರ್ಕಾರವನ್ನು ಒತ್ತಾಯಿಸುತ್ತೇನೆ.

– ಓರ್ವ ಓದುಗ, ಮಂಗಳೂರು