ಸೈನಿಕ ಕುಟುಂಬಗಳ ಅಧ್ಯಯನ: ಒಪ್ಪಿಗೆ ಪತ್ರದ ಕುರಿತು ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಹುತ್ತರಿ ರಜೆ ಮುಗಿದ ಮೇಲೆ 8 ಮತ್ತು 9ನೇ ತರಗತಿಯ ಮಕ್ಕಳ ಕೈಯಲ್ಲಿ ಕಳಿಸಿದ ಒಪ್ಪಿಗೆ ಪತ್ರ ಸಾಕಷ್ಟು ಗದ್ದಲ ಎಬ್ಬಿಸಿದೆ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಓದಿದ್ದೇನೆ, ಆಫೀಸಿಗೆ ಬಂದು ಕೂತು ಹೇಳಿದವರ ಮಾತನ್ನೂ ಕೇಳಿದ್ದೇನೆ. "ನಮ್ಮ ಮಕ್ಕಳೇನು ಪ್ರಯೋಗಶಾಲೆಯ ಇಲಿಗಳಾ?" ಎಂದರು ಒಬ್ಬರು. "ದೇಶ ಕಾದವನ ಮನೇಲಿ ಹುಳುಕು ಹುಡುಕೋಕೆ ಹೊರಟಿದ್ದೀರಿ" ಎಂದರು ಇನ್ನೊಬ್ಬರು. ರಜೆಯಲ್ಲಿ ಊರಿಗೆ ಬಂದಿದ್ದ ತಂದೆಯರೇ ಪತ್ರವನ್ನು ಖುದ್ದಾಗಿ ಓದಿದ್ದರಿಂದ ಸಿಟ್ಟೂ ನೇರವಾಗಿಯೇ ಬಂತು. ಬರಲಿ. ನಮ್ಮ ಎಷ್ಟೋ ಸುತ್ತೋಲೆಗಳು ಟಿಫಿನ್ ಡಬ್ಬಿಯ ಅಡಿಯಲ್ಲೇ ಮುದುಡಿ ಹೋಗುತ್ತವೆ. ಇದೊಂದನ್ನಾದರೂ ಎಲ್ಲರೂ ಓದಿದ್ದೀರಿ.

ವಿಷಯ ಇಷ್ಟು. ಪಿಎಚ್‌ಡಿ ಮಾಡುತ್ತಿರುವ ಸಂಶೋಧಕಿಯೊಬ್ಬರು ಸೇವೆಯಲ್ಲಿರುವ ಮತ್ತು ನಿವೃತ್ತರಾದ ಸೈನಿಕರ ಕುಟುಂಬಗಳ ಬಗ್ಗೆ ಅಧ್ಯಯನ ನಡೆಸುತ್ತಿದ್ದಾರೆ. ಇಲಾಖೆಯ ಅನುಮತಿ, ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಎರಡೂ ಆಗಿವೆ; ಪ್ರತಿಗಳು ಆಫೀಸಿನಲ್ಲಿವೆ. ಪ್ರಶ್ನೆಪತ್ರಿಕೆಯನ್ನು ಇನ್ನೂ ಯಾವ ಮಗುವಿಗೂ ಕೊಟ್ಟಿಲ್ಲ.

"ಅಪ್ಪ ಕುಡೀತಾರಾ ಅಂತ ಮಕ್ಕಳ ಹತ್ತಿರ ಕೇಳ್ತಾರಂತೆ" ಎಂಬ ಸುದ್ದಿ ಹಬ್ಬಿದೆ. ಮಕ್ಕಳ ಹಾಳೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಅಂಥ ಪ್ರಶ್ನೆ ಅದರಲ್ಲಿ ಇಲ್ಲ. ಅದು ಇರುವುದು ದೊಡ್ಡವರ ಹಾಳೆಯಲ್ಲಿ. ಅದನ್ನು ತುಂಬುವವರು ನೀವು, ಬಿಟ್ಟುಬಿಡುವ ಸ್ವಾತಂತ್ರ್ಯವೂ ನಿಮ್ಮದೇ. ಮಕ್ಕಳ ಹಾಳೆಯಲ್ಲಿರುವುದು ಇಂಥವು: ಅಪ್ಪ ರಜೆ ಮುಗಿಸಿ ಹೊರಟ ಮೊದಲ ವಾರ ನಿನಗೆ ನಿದ್ದೆ ಹೇಗೆ ಬರುತ್ತದೆ? ಅವರು ಮನೆಗೆ ಬಂದಾಗ ಯಾವ ನಿಯಮ ಬದಲಾಗುತ್ತದೆ? ಫೋನ್ ಸಿಗದ ದಿನ ಮನೆಯಲ್ಲಿ ಯಾರು ಏನು ಮಾಡುತ್ತಾರೆ? ಇದರಲ್ಲಿ ಅವಮಾನ ನನಗಂತೂ ಕಾಣಲಿಲ್ಲ. ಯೂನಿಟ್ಟಿನ ಹೆಸರು, ಪೋಸ್ಟಿಂಗ್ ಆದ ಜಾಗ, ರ‍್ಯಾಂಕ್ ಯಾವುದನ್ನೂ ಕೇಳುವುದಿಲ್ಲ. ಮಗು ತಾನಾಗಿ ಬರೆದರೂ ಅದನ್ನು ಅಳಿಸಿದ ಮೇಲೆಯೇ ಹಾಳೆ ಶಾಲೆಯಿಂದ ಹೊರಗೆ ಹೋಗುತ್ತದೆ. ಹೆಸರಿನ ಬದಲು ಸಂಖ್ಯೆ ಇರುತ್ತದೆ.

"ಹುಳುಕು ಹುಡುಕುವುದು" ಎಂಬ ಮಾತು ನನ್ನನ್ನು ಸ್ವಲ್ಪ ಕಾಡಿತು. ಈ ಬಗೆಯ ಸಂಶೋಧನೆ ಬೇರೆ ದೇಶಗಳಲ್ಲಿ ಏನು ಮಾಡಿದೆ ಎಂದು ನೋಡಿ. ಅಮೆರಿಕದಲ್ಲಿ 2001ರಲ್ಲಿ ಆರಂಭವಾದ, ಅದೇ ಸೈನಿಕರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಮಿಲೇನಿಯಂ ಕೊಹಾರ್ಟ್ ಅಧ್ಯಯನದಲ್ಲಿ 2 ಲಕ್ಷಕ್ಕೂ ಹೆಚ್ಚು ಸೈನಿಕರು ಮತ್ತು ಮಾಜಿ ಸೈನಿಕರು ಸೇರಿದ್ದಾರೆ. ಆಮೇಲೆ ಅವರ ಸಂಗಾತಿಗಳನ್ನೂ ಸೇರಿಸಿಕೊಂಡರು. ಇರಾಕ್ ಯುದ್ಧದ ನಂತರ ಬ್ರಿಟನ್ನಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಸುಮಾರು 10 ಸಾವಿರ ಸೈನಿಕರನ್ನು ಮಾತಾಡಿಸಿದರು. ಯುದ್ಧದಿಂದ ಬಂದ ಅನೇಕರ ಮನಸ್ಸು ಕೆಟ್ಟಿರಬಹುದು ಎಂಬ ಆತಂಕ ಇದ್ದ ಕಾಲ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯುದ್ಧದ ಆಘಾತದ ಕಾಯಿಲೆಯ ಲಕ್ಷಣ ಕಂಡದ್ದು ಶೇ. 4ರಷ್ಟು ಜನರಲ್ಲಿ. ಅತಿಯಾದ ಕುಡಿತ ಶೇ. 13ರಷ್ಟು. ದೊಡ್ಡವರ ಹಾಳೆಗೆ ಆ ಪ್ರಶ್ನೆ ಎಲ್ಲಿಂದ ಬಂತು ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಅವರೇ ಮುಂದೆ ಸೈನಿಕರ ಮಕ್ಕಳ ಬಗ್ಗೆಯೂ ಕೇಳಿದರು. 2018ರಲ್ಲಿ ಅದೂ ಪ್ರಕಟವಾಯಿತು. ತಂದೆ ಇರಾಕ್‌ಗೋ ಅಫ್ಘಾನಿಸ್ತಾನಕ್ಕೋ ಹೋಗಿದ್ದ ಮಾತ್ರಕ್ಕೆ ಮಕ್ಕಳ ಭಾವನೆ, ನಡವಳಿಕೆಯಲ್ಲಿ ತೊಂದರೆ ಹೆಚ್ಚಾದದ್ದು ಕಾಣಲಿಲ್ಲ. ತಂದೆಗೆ ಆಘಾತದ ಲಕ್ಷಣಗಳಿದ್ದ ಮನೆಗಳಲ್ಲಿ ಮಾತ್ರ ಮಕ್ಕಳ ಚಡಪಡಿಕೆ ಹೆಚ್ಚಿತ್ತು. "ಮಿಲಿಟರಿಯವರ ಮಕ್ಕಳು ಹಾಗೇ" ಎಂದು ಯಾರಾದರೂ ಅಂದರೆ ಎದುರು ಹೇಳಲು ಒಂದು ಆಧಾರ ಸಿಕ್ಕಿತಲ್ಲ. ಕೇಳದೇ ಇದ್ದಿದ್ದರೆ ಆ ಮಾತು ಹಾಗೇ ಉಳಿಯುತ್ತಿತ್ತು.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ, ಜನರಲ್ ತಿಮ್ಮಯ್ಯನವರ ಜಿಲ್ಲೆ ನಮ್ಮದು. ಜನವರಿ 15ರ ಸೇನಾ ದಿನಕ್ಕೆ ಭಾಷಣ ಮಾಡುತ್ತೇವೆ, ಮಾಜಿ ಸೈನಿಕರಿಗೆ ಶಾಲು ಹೊದಿಸುತ್ತೇವೆ. ತಿಮ್ಮಯ್ಯನವರ ಮನೆಯಾಗಿದ್ದ ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ದು ಸಮವಸ್ತ್ರ, ಆಯುಧ ತೋರಿಸುತ್ತೇವೆ. ಅದೇ ಮಕ್ಕಳಲ್ಲಿ ಕೆಲವರ ಮನೆಯಲ್ಲಿ ಅಮ್ಮ ಒಬ್ಬಳೇ ತೋಟ, ಅತ್ತೆಯ ಔಷಧಿ, ಬ್ಯಾಂಕು, ಮಗನ ಗಣಿತ ಎಲ್ಲವನ್ನೂ ನಿಭಾಯಿಸುತ್ತಿರುತ್ತಾಳೆ. ಅದನ್ನು ಕೇಳಿ ಬರೆದುಕೊಳ್ಳುವವರು ಕಡಿಮೆ. ಕೇಳಲು ಬಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಸೈನ್ಯಕ್ಕೆ ಸಂಬಂಧವೇ ಇಲ್ಲದ ಮನೆಗಳಿಗೂ ಪತ್ರ ಏಕೆ ಹೋಯಿತು ಎಂದು ಕೆಲವರು ಕೇಳಿದ್ದೀರಿ. ಹೋಲಿಕೆಗೆ. ದುಬೈಯಲ್ಲಿ ದುಡಿಯುವ ತಂದೆಯೂ ವರ್ಷಗಟ್ಟಲೆ ಮನೆಯಲ್ಲಿ ಇರುವುದಿಲ್ಲ. ಮಗುವನ್ನು ಕಾಡುವುದು ತಂದೆ ದೂರ ಇರುವುದೋ, ಗಡಿಯಲ್ಲಿ ಇರುವುದೋ, ಅಥವಾ ಬರೀ ಪರೀಕ್ಷೆಯ ಭಯವೋ ಎಂದು ಬೇರೆ ಮಾಡಿ ನೋಡಲು ಎಲ್ಲ ಬಗೆಯ ಮನೆಗಳೂ ಬೇಕು.

ಇನ್ನು ಹೆಚ್ಚು ವಾದ ನಡೆದ ಸಂಗತಿ. ಒಪ್ಪಿಗೆ ಪೂರ್ತಿ ನಿಮ್ಮಿಷ್ಟ. ಇದನ್ನು ಇಬ್ಬಗೆಯವರೂ ನಂಬುತ್ತಿಲ್ಲ! "ಬೇಡ ಅಂದರೆ ಇಂಟರ್ನಲ್ ಮಾರ್ಕ್ಸ್ ಕಡಿಮೆ ಮಾಡ್ತೀರಾ?" ಎಂದು ಕೆಲವರಿಗೆ ಅನುಮಾನ. ನಿವೃತ್ತ ಸುಬೇದಾರರೊಬ್ಬರಿಗೆ ಇದರ ತಿರುಗುಮುರುಗು ಬೇಸರ: "ಒಳ್ಳೇ ಕೆಲಸ ಅಂತೀರಿ, ಮತ್ತೆ ಎಲ್ಲರೂ ಮಾಡಲೇಬೇಕು ಅಂತ ಆರ್ಡರ್ ಹಾಕಿ." ಅವರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಆರ್ಡರ್ ಹಾಕುವ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ, ಮೇಲಿನವರ ಮಾತಿಗೆ ಇಲ್ಲ ಎನ್ನಲು ಕಷ್ಟವಾಗುವವರ ವಿಷಯದಲ್ಲಿ ವಿಶೇಷ ಎಚ್ಚರ ಇರಬೇಕು ಎನ್ನುತ್ತದೆ. ಆ ಪಟ್ಟಿಯಲ್ಲಿ ರಕ್ಷಣಾ ಪಡೆಯವರೂ ಇದ್ದಾರೆ, ವಿದ್ಯಾರ್ಥಿಗಳೂ ಇದ್ದಾರೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಹವಾಲ್ದಾರ್ ಅಪ್ಪ, ಶಾಲೆಯಲ್ಲಿ ನಾನು. ಹಾಗಾಗಿ ಪ್ರಶ್ನೆಪತ್ರಿಕೆ ತುಂಬುವಾಗ ಶಿಕ್ಷಕರು ಯಾರೂ ಕೊಠಡಿಯಲ್ಲಿ ಇರುವುದಿಲ್ಲ. ಯಾರು ಒಪ್ಪಿದರು, ಯಾರು ಬಿಟ್ಟರು ಎಂಬ ಪಟ್ಟಿ ನನ್ನ ಕೈಗೂ ಬರುವುದಿಲ್ಲ. ಬೇಡ ಎಂದವರ ಮಕ್ಕಳು ಆ ಪೀರಿಯಡ್‌ನಲ್ಲಿ ಲೈಬ್ರರಿಯಲ್ಲಿ ಇರುತ್ತಾರೆ. ಕ್ರಿಕೆಟ್ ತಂಡದ ಅಭ್ಯಾಸವೂ ಅದೇ ಹೊತ್ತಿಗೆ ಇರುವುದರಿಂದ, ತರಗತಿಯಲ್ಲಿ ಇಲ್ಲದವರೆಲ್ಲ ಬೇಡ ಎಂದವರೇ ಎಂದು ಯಾರೂ ಲೆಕ್ಕ ಹಾಕಲಾಗದು.

ನೀವು ಸಹಿ ಹಾಕಿದ ಮೇಲೂ ಮಗು "ನನಗೆ ಬೇಡ" ಎಂದರೆ ಅದೇ ಕೊನೆಯ ಮಾತು. 12 ದಾಟಿದ ಮಕ್ಕಳ ಸಮ್ಮತಿಯನ್ನು ಬರವಣಿಗೆಯಲ್ಲೇ ಪಡೆಯಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. "ಅಪ್ಪ ಹೂಂ ಅಂದ ಮೇಲೆ ಮಗಂದೇನು?" ಎಂದು ಮನೆಯಲ್ಲಿ ಗದರಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಒಪ್ಪುತ್ತೇನೆ. ಈಗ ಹೀಗೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಯಾವುದಾದರೂ ಮಗು ತನಗೆ ಪೆಟ್ಟಾಗುತ್ತಿದೆ, ಜೀವಕ್ಕೆ ಅಪಾಯ ಇದೆ ಎಂದು ಬರೆದರೆ ಸಂಶೋಧಕಿ ಅದನ್ನು ಗುಟ್ಟಾಗಿ ಇಡುವುದಿಲ್ಲ. ಮಕ್ಕಳ ರಕ್ಷಣೆಗೆ ಇರುವ ದಾರಿಯಲ್ಲಿ ಅದು ಮುಂದೆ ಹೋಗುತ್ತದೆ. ಒಪ್ಪಿಗೆ ಪತ್ರದಲ್ಲಿರುವ ಈ ಸಾಲನ್ನು ತೆಗೆಸಿ ಎಂದು ಬಂದ ಮನವಿಯನ್ನು ಒಪ್ಪಲು ಆಗಲಿಲ್ಲ.

ಅಧ್ಯಯನ ಮುಗಿದ ಮೇಲೆ ಕನ್ನಡದಲ್ಲಿ ಒಂದು ವರದಿ ಶಾಲೆಗೆ ಬರುತ್ತದೆ. ಭಾಗವಹಿಸಿದ್ದಕ್ಕೆ ಹಣವಿಲ್ಲ.

ಒಪ್ಪಿಗೆ ಇರಲಿ, ಇಲ್ಲದಿರಲಿ, ಪತ್ರವನ್ನು ಲಕೋಟೆಯಲ್ಲಿ ಅಂಟಿಸಿ ಶುಕ್ರವಾರದೊಳಗೆ ಆಫೀಸಿನ ಮುಂದಿನ ಪೆಟ್ಟಿಗೆಗೆ ಹಾಕಿ.

ಶನಿವಾರ ಬೆಳಿಗ್ಗೆ 11ಕ್ಕೆ ಸಂಶೋಧಕಿ ಮತ್ತು ಅವರ ಮಾರ್ಗದರ್ಶಕರು ಶಾಲೆಯಲ್ಲಿ ಇರುತ್ತಾರೆ. ಕಾಫಿ ಕೊಯ್ಲಿನ ಸಮಯ, ಎಲ್ಲರೂ ಬರಲಾಗದು ಎಂದು ಗೊತ್ತು. ರಜೆಯಲ್ಲಿರುವ ತಂದೆಯರು ವಾಪಸ್ ಹೊರಡುವ ಮೊದಲು ಬಂದು ಪ್ರಶ್ನೆಪತ್ರಿಕೆಯನ್ನು ಕೈಯಲ್ಲಿ ಹಿಡಿದು ಓದಿ, ಅವರನ್ನೇ ಕೇಳಿ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ