ಸಲಹಾ ಪಟ್ಟಿ ಕನ್ನಡದಲ್ಲಿ ಟೈಪ್ ಮಾಡುವವರಿಗೂ ಒದಗಲಿ

ಮಾನ್ಯ ಸಂಪಾದಕರೇ,

ಜಾಲತಾಣದ ಅರ್ಜಿಯೊಂದರಲ್ಲಿ ಎರಡು ಅಕ್ಷರ ಟೈಪ್ ಮಾಡುತ್ತೀರಿ. ಪೆಟ್ಟಿಗೆಯ ಕೆಳಗೆ ಸಲಹೆಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಬೇಕಾದ ಹೆಸರು ಅದರಲ್ಲೇ ಇದೆ. ಅದರ ಮೇಲೆ ಮೌಸ್ ಒತ್ತಿದ್ದೇ ತಡ, ಪಟ್ಟಿ ಮಾಯ. ಪೆಟ್ಟಿಗೆಯಲ್ಲಿ ಉಳಿದದ್ದು ಅದೇ ಎರಡು ಅಕ್ಷರ. ಎಷ್ಟೋ ಜನ ತಾವೇ ಎಲ್ಲೋ ತಪ್ಪಿದೆವು ಎಂದುಕೊಂಡು ಮತ್ತೆ ಮತ್ತೆ ಒತ್ತುತ್ತಾರೆ. ತಪ್ಪು ಅವರದಲ್ಲ. ಮೌಸ್ ಗುಂಡಿ ಕೆಳಗಿಳಿದ ಕ್ಷಣವೇ ಬ್ರೌಸರ್ ಪೆಟ್ಟಿಗೆಯಿಂದ ಫೋಕಸ್ (ಟೈಪ್ ಮಾಡಿದ್ದು ಎಲ್ಲಿ ಬೀಳಬೇಕೆಂಬ ಗುರುತು) ತೆಗೆಯುತ್ತದೆ. ಗುಂಡಿ ಮೇಲೆದ್ದ ನಂತರವೇ ಅದು ಕ್ಲಿಕ್ ಎನಿಸಿಕೊಳ್ಳುವುದು. ‘ಫೋಕಸ್ ಹೋದರೆ ಪಟ್ಟಿ ಮುಚ್ಚು’ ಎಂದಷ್ಟೇ ಬರೆದಿದ್ದರೆ, ಕ್ಲಿಕ್ ಆಗುವ ಹೊತ್ತಿಗೆ ಪಟ್ಟಿಯೇ ಇರುವುದಿಲ್ಲ. ಕೆಲವರು ಇದಕ್ಕೆ 200 ಮಿಲಿಸೆಕೆಂಡು ತಡೆದು ಮುಚ್ಚುವ ಉಪಾಯ ಮಾಡುತ್ತಾರೆ. ಕೈ ನಿಧಾನವಾದವರು ಗುಂಡಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಾರೆ, ಅವರ ಪಾಲಿಗೆ ದೋಷ ಹಾಗೇ ಉಳಿಯುತ್ತದೆ. ಪಟ್ಟಿಯ ಮೇಲೆ ಮೌಸ್‌ಡೌನ್ ಆದಾಗ ಬ್ರೌಸರಿನ ಸಹಜ ವರ್ತನೆಯನ್ನು ಪ್ರಿವೆಂಟ್‌ಡಿಫಾಲ್ಟ್ ಮೂಲಕ ತಡೆದರೆ ಫೋಕಸ್ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಒಂದೇ ಸಾಲಿನ ಕೆಲಸ.

ಇಂಥ ಸಣ್ಣ ದೋಷಗಳು ಸೇರಿ ನೆರವಾಗಬೇಕಾದ ಪಟ್ಟಿಯನ್ನೇ ಅಡ್ಡಿಯಾಗಿಸುತ್ತಿವೆ. ಕನ್ನಡದಲ್ಲಿ ಟೈಪ್ ಮಾಡುವವರಿಗಂತೂ ಇದರ ಪೆಟ್ಟು ಇಮ್ಮಡಿ, ಏಕೆಂದರೆ ಬಹುತೇಕ ಸಿದ್ಧ ಕೋಡು ಇಂಗ್ಲಿಷ್ ಅಕ್ಷರಗಳ ಅಂದಾಜಿನ ಮೇಲೆ ನಿಂತಿದೆ. ಜಾಲತಾಣ ಕಟ್ಟುವವರಿಗೂ ಕಟ್ಟಿಸುವವರಿಗೂ ಕೆಲವು ಖಚಿತ ಸಂಗತಿಗಳನ್ನು ತಿಳಿಸಬೇಕೆಂದು ಈ ಪತ್ರ.

ಮೊದಲು ಒಂದು ಗೊಂದಲ ಬಿಡಿಸಬೇಕು. ಆಟೊಕಂಪ್ಲೀಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು, ಬಳಕೆದಾರರ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ನೆನಪಿಟ್ಟುಕೊಂಡು ಬ್ರೌಸರ್ ತಾನೇ ತುಂಬುವುದು. ಎರಡು, ಜಾಲತಾಣ ತನ್ನ ಬಳಿ ಇರುವ ಮಾಹಿತಿಯಿಂದ ಸಲಹೆ ತೋರಿಸುವುದು. ಮೊದಲನೆಯದಕ್ಕೆ ಪಟ್ಟಿ ಕಟ್ಟುವ ಅಗತ್ಯವೇ ಇಲ್ಲ. ಇನ್‌ಪುಟ್ ಟ್ಯಾಗಿನ ಆಟೊಕಂಪ್ಲೀಟ್ ಗುಣಕ್ಕೆ (ಆಟ್ರಿಬ್ಯೂಟ್) ಸರಿಯಾದ ಮೌಲ್ಯ ಬರೆದರೆ ಸಾಕು: ಹೆಸರಿಗೆ ನೇಮ್, ಮಿಂಚಂಚೆಗೆ ಇಮೇಲ್, ಫೋನಿಗೆ ಟೆಲ್, ಅಂಚೆ ಸಂಖ್ಯೆಗೆ ಪೋಸ್ಟಲ್-ಕೋಡ್, ಒಟಿಪಿಗೆ ಒನ್-ಟೈಮ್-ಕೋಡ್. ಪಾಸ್‌ವರ್ಡಿನಲ್ಲಿ ಹಳೆಯದಕ್ಕೆ ಕರೆಂಟ್-ಪಾಸ್‌ವರ್ಡ್, ಹೊಸದಕ್ಕೆ ನ್ಯೂ-ಪಾಸ್‌ವರ್ಡ್ ಎಂದು ಬೇರೆ ಬೇರೆ ಕೊಡಬೇಕು. ಇಲ್ಲವಾದರೆ ಪಾಸ್‌ವರ್ಡ್ ಬದಲಿಸುವ ಪುಟದಲ್ಲಿ ಹೊಸದರ ಜಾಗಕ್ಕೆ ಹಳೆಯದೇ ಬಂದು ಕೂರುತ್ತದೆ. 2018ರಲ್ಲಿ ಬಂದ ವೆಬ್ ಸುಗಮ್ಯತೆಯ ಮಾರ್ಗಸೂಚಿ, ಡಬ್ಲ್ಯುಸಿಎಜಿ 2.1, ಬಳಕೆದಾರರ ಸ್ವಂತ ವಿವರ ಕೇಳುವ ಪೆಟ್ಟಿಗೆಗಳಿಗೆ ಇಂಥ ಗುರುತು ಇರಲೇಬೇಕೆಂದು 1.3.5ನೇ ಮಾನದಂಡದಲ್ಲಿ ಹೇಳಿದೆ. ಮರೆವಿನ ತೊಂದರೆ ಇರುವವರಿಗೆ, ಕೈ ನಡುಗುವವರಿಗೆ ಇದು ದೊಡ್ಡ ಆಸರೆ. ಹಾಗಿದ್ದೂ ‘ಭದ್ರತೆ’ಯ ಹೆಸರಿನಲ್ಲಿ ಪ್ರತಿಯೊಂದು ಪೆಟ್ಟಿಗೆಗೂ ಆಫ್ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಆಫ್ ಬರೆಯಬೇಕಾದ ಒಂದು ಜಾಗ ನಿಮ್ಮದೇ ಸಲಹಾ ಪಟ್ಟಿ ಇರುವ ಪೆಟ್ಟಿಗೆ. ಅಲ್ಲಿ ಆಫ್ ಬರೆಯದೆ ಬಿಟ್ಟರೆ ಬ್ರೌಸರಿನ ಹಳೆಯ ನೆನಪಿನ ಪಟ್ಟಿ ನಿಮ್ಮ ಪಟ್ಟಿಯ ಮೇಲೇ ಬಂದು ಕವಿಯುತ್ತದೆ.

ಇನ್ನು ಎರಡನೆಯ ಬಗೆ. ಹತ್ತಾರು ಆಯ್ಕೆಗಳಷ್ಟೇ ಇದ್ದರೆ ಜಾವಾಸ್ಕ್ರಿಪ್ಟ್ ಕೋಡು ಬರೆಯದೆ ಡೇಟಾಲಿಸ್ಟ್ ಎಂಬ ಸಿದ್ಧ ಟ್ಯಾಗ್ ಸಾಕು. ಇನ್‌ಪುಟ್‌ನ ಲಿಸ್ಟ್ ಗುಣದಲ್ಲಿ ಯಾವ ಹೆಸರಿದೆಯೋ ಅದೇ ಹೆಸರು ಡೇಟಾಲಿಸ್ಟ್‌ನ ಐಡಿಯಲ್ಲಿರಬೇಕು, ಒಳಗೆ ಒಂದೊಂದು ಆಯ್ಕೆಗೂ ಒಂದು ಆಪ್ಷನ್. ಅದರ ಮಿತಿಯೂ ತಿಳಿದಿರಲಿ. ಪಟ್ಟಿಯ ರೂಪವನ್ನು ನೀವು ತಿದ್ದಲಾಗದು. ಪುಟವನ್ನು ಹಿಗ್ಗಿಸಿದರೂ ಪಟ್ಟಿಯ ಅಕ್ಷರ ಹಿಗ್ಗದ ಬ್ರೌಸರುಗಳಿವೆ. ಪದದ ಆರಂಭವನ್ನು ಮಾತ್ರ ನೋಡಬೇಕೆ, ನಡುವೆಯೂ ಹುಡುಕಬೇಕೆ ಎಂಬುದನ್ನು ಒಂದೊಂದು ಬ್ರೌಸರ್ ಒಂದೊಂದು ರೀತಿ ತೀರ್ಮಾನಿಸುತ್ತದೆ. ಪಟ್ಟಿಯಲ್ಲಿಲ್ಲದ್ದನ್ನು ಟೈಪ್ ಮಾಡಿದರೂ ಡೇಟಾಲಿಸ್ಟ್ ತಡೆಯುವುದಿಲ್ಲ, ಆ ಪರೀಕ್ಷೆ ಸರ್ವರಿನಲ್ಲೇ ಆಗಬೇಕು.

ಆಯ್ಕೆಗಳು ಸಾವಿರ ದಾಟಿದರೆ ಸ್ವಂತ ಪಟ್ಟಿ ಬೇಕಾಗುತ್ತದೆ. ಕನ್ನಡದ ತೊಡಕುಗಳೆಲ್ಲ ಎದುರಾಗುವುದು ಇಲ್ಲೇ.

‘ಕನಿಷ್ಠ ಮೂರು ಅಕ್ಷರ ಆದ ಮೇಲೆ ಹುಡುಕು’ ಎಂಬ ನಿಯಮವನ್ನೇ ತೆಗೆದುಕೊಳ್ಳಿ. ‘ಶ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಶ, ಹಲಂತ, ರ, ದೀರ್ಘ ಈಕಾರದ ಚಿಹ್ನೆ ಎಂಬ ನಾಲ್ಕು ಸಂಕೇತ. ‘ಮರ’ ಎರಡು ಅಕ್ಷರ, ಸಂಕೇತವೂ ಎರಡೇ. ಹೀಗಾಗಿ ‘ಶ್ರೀ’ ಎಂದೊಡನೆ ನೂರಾರು ಹೆಸರುಗಳ ಹುಡುಕಾಟ ಶುರುವಾಗುತ್ತದೆ, ‘ಮರ’ ಎಂದು ಪೂರ್ತಿ ಪದ ಬರೆದವರಿಗೆ ಪೆಟ್ಟಿಗೆ ಮೌನವಾಗಿರುತ್ತದೆ. ಕನ್ನಡಕ್ಕೆ ಎರಡು ಸಂಕೇತದಿಂದಲೇ ಹುಡುಕಾಟ ಆರಂಭಿಸಿ, ತೋರಿಸುವ ಸಲಹೆಗಳ ಸಂಖ್ಯೆಗೆ ಮಿತಿ ಹಾಕುವುದು ಒಳ್ಳೆಯದು.

ಅದಕ್ಕಿಂತ ದೊಡ್ಡ ತೊಡಕು, ಕಣ್ಣಿಗೆ ಒಂದೇ ಆಗಿ ಕಾಣುವ ಪದಗಳ ಒಳಗೆ ಬೇರೆ ಬೇರೆ ಸಂಕೇತಗಳಿರುವುದು. ‘ಲೋಕ’ದ ಓಕಾರ ಒಂದೇ ಸಂಕೇತವಾಗಿರಬಹುದು, ಅಥವಾ ಎಕಾರ, ಊಕಾರದ ಕೊಂಬು, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಬಂದಿರಬಹುದು. ತೆರೆಯ ಮೇಲೆ ವ್ಯತ್ಯಾಸವೇ ಕಾಣದು, ಹೋಲಿಸಿದರೆ ಮಾತ್ರ ತಾಳೆಯಾಗದು. ಅಕ್ಷರ ಸಂಕೇತಗಳ ಮಾನಕವಾದ ಯುನಿಕೋಡ್‌ನ ಎನ್ಎಫ್‌ಸಿ ಎಂಬ ಸಾಮಾನ್ಯ ರೂಪಕ್ಕೆ ಎರಡನ್ನೂ ತಂದರೆ ಇದು ಬಗೆಹರಿಯುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ ನಾರ್ಮಲೈಜ್ ಎಂಬ ಸಿದ್ಧ ಫಂಕ್ಷನ್ ಇದೆ. ಆದರೆ ‘ಸಾಫ್ಟ್‌ವೇರ್’ ಪದದ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್-ಜಾಯಿನರ್ ಎಂಬ ಸಂಕೇತವೊಂದು ಕುಳಿತಿದೆ. ಅದನ್ನು ಹಾಕದೆ ‘ಸಾಫ್ಟ್ವೇರ್’ ಎಂದು ಟೈಪ್ ಮಾಡುವವರೂ ಅಷ್ಟೇ ಜನ. ‘ರ‍್ಯಾಂಕ್’ನಲ್ಲಿರುವುದು ಇದೇ ಜಾತಿಯ ಇನ್ನೊಂದು, ಜಾಯಿನರ್. ಎನ್ಎಫ್‌ಸಿ ಇವೆರಡನ್ನೂ ಮುಟ್ಟುವುದಿಲ್ಲ, ಹೋಲಿಸುವಾಗ ನಾವೇ ಕೈಯಾರೆ ತೆಗೆಯಬೇಕು. ತೋರಿಸುವ ಪದದಿಂದ ಮಾತ್ರ ಎಂದೂ ತೆಗೆಯಬಾರದು, ತೆಗೆದರೆ ಬರವಣಿಗೆಯೇ ಕೆಡುತ್ತದೆ.

ಆದ್ದರಿಂದ ದತ್ತಾಂಶದ ಕೋಷ್ಟಕದಲ್ಲಿ ಎರಡು ಕಾಲಂ ಇಡಿ: ತೋರಿಸುವ ರೂಪ ಒಂದು, ಹುಡುಕುವ ರೂಪ ಇನ್ನೊಂದು. ಹುಡುಕುವ ರೂಪದಲ್ಲಿ ಎನ್ಎಫ್‌ಸಿ ಮಾಡಿ, ಜಾಯಿನರುಗಳನ್ನು ತೆಗೆದು, ಹೆಚ್ಚುವರಿ ಖಾಲಿ ಜಾಗಗಳನ್ನು ಒಂದಾಗಿಸಿ. ಎ-ಏ, ಒ-ಓ ಕಾರಗಳ ಹ್ರಸ್ವ ದೀರ್ಘ ಭೇದವನ್ನೂ ಅಲ್ಲಿ ಅಳಿಸುವುದು ನಮ್ಮ ಸಲಹೆ. ಆಟೊ ಎಂದೂ ಆಟೋ ಎಂದೂ ಬರೆಯುವವರಿದ್ದಾರೆ. ಕೊಡು, ಕೋಡು ಬೇರೆ ಪದಗಳೆಂಬ ಆಕ್ಷೇಪ ಸರಿಯೇ, ಆದರೆ ಪಟ್ಟಿಯಲ್ಲಿ ಎರಡೂ ಕಂಡರೆ ನಷ್ಟವೇನಿಲ್ಲ. ಟೈಪ್ ಮಾಡಿದ್ದಕ್ಕೆ ತದ್ವತ್ ಹೊಂದುವುದನ್ನು ಮೇಲಿಟ್ಟರಾಯಿತು. ಬಳಕೆದಾರರು ಟೈಪ್ ಮಾಡಿದ್ದಕ್ಕೂ ಇದೇ ಸಂಸ್ಕಾರ ಆಗಬೇಕು. ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆತರೆ ಮೊದಲು ಸಿಗುತ್ತಿದ್ದದ್ದೂ ಸಿಗದೆ ಹೋಗುತ್ತದೆ. ಹುಡುಕುವ ಕಾಲಂಗೆ ಹುಡುಕಾಟ ಬೇಗವಾಗಿಸುವ ಇಂಡೆಕ್ಸ್ ಇರಲಿ. ಎಸ್‌ಕ್ಯುಎಲ್‌ನ ಲೈಕ್‌ನಲ್ಲಿ (ದತ್ತಾಂಶ ಕೇಳುವ ಭಾಷೆಯ ಹುಡುಕಾಟ ಆಜ್ಞೆ) ‘ಇಲ್ಲಿ ಏನಿದ್ದರೂ ಸರಿ’ ಎನ್ನುವ ಶೇಕಡ ಚಿಹ್ನೆ ಕೊನೆಯಲ್ಲಿ ಮಾತ್ರ ಇದ್ದರೆ ಸಾಮಾನ್ಯ ಇಂಡೆಕ್ಸ್ ನೆರವಿಗೆ ಬರಬಲ್ಲದು, ಮೊದಲಲ್ಲೂ ಇಟ್ಟರೆ ಪ್ರತಿ ಕೀಲಿಗೂ ಇಡೀ ಕೋಷ್ಟಕವನ್ನು ಜಾಲಾಡಬೇಕಾಗುತ್ತದೆ.

ಹೊಂದಿದ ಭಾಗವನ್ನು ದಪ್ಪಕ್ಷರದಲ್ಲಿ ತೋರಿಸುವ ರೂಢಿಯೂ ಕನ್ನಡಕ್ಕೆ ಹಾಗೇ ಸಲ್ಲದು. ‘ಕನ್’ ಎಂದು ಟೈಪ್ ಮಾಡಿದಾಗ ‘ಕನ್ನಡಿ’ಯ ಮೊದಲ ಮೂರು ಸಂಕೇತಗಳಿಗೆ ದಪ್ಪದ ಟ್ಯಾಗ್ ಹಾಕಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ, ತೆರೆಯ ಮೇಲೆ ‘ಕನ್‌ನಡಿ’ ಕಾಣುತ್ತದೆ. ದಪ್ಪ ಮಾಡುವುದಾದರೆ ಒತ್ತು, ಗುಣಿತ ಎಲ್ಲ ಮುಗಿದು ಅಕ್ಷರ ಪೂರ್ತಿಯಾಗುವಲ್ಲಿಗೆ ಗಡಿಯನ್ನು ಸರಿಸಿ. ಅದು ಕಷ್ಟವೆನಿಸಿದರೆ ದಪ್ಪ ಮಾಡುವುದನ್ನೇ ಬಿಡಿ.

ಟೈಪ್ ಮಾಡುವ ಕ್ರಿಯೆಯಲ್ಲೂ ಎಚ್ಚರ ಬೇಕು. ಕೀಲಿ ಎದ್ದದ್ದು, ಒತ್ತಿದ್ದು ತಿಳಿಸುವ ಕೀಅಪ್, ಕೀಡೌನ್ ನೋಡಿ ಅಕ್ಷರ ತಿಳಿಯುವ ಕೋಡು ಫೋನಿನಲ್ಲಿ ಸೋಲುತ್ತದೆ. ಆಂಡ್ರಾಯ್ಡ್ ಕೀಬೋರ್ಡುಗಳು ಬಹುಪಾಲು ಕೀಲಿಗಳಿಗೆ 229 ಎಂಬ ಒಂದೇ ಸಂಖ್ಯೆಯನ್ನು ಕಳಿಸುತ್ತವೆ. ಇನ್‌ಪುಟ್ ಎಂಬ, ಪೆಟ್ಟಿಗೆಯ ಪಠ್ಯ ಬದಲಾದಾಗ ಹೊಮ್ಮುವ ಘಟನೆಗೇ (ಇವೆಂಟ್) ಕಿವಿಗೊಡಬೇಕು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಲಿಪ್ಯಂತರದ ಕೀಬೋರ್ಡಿನಲ್ಲಿ ಪದ ಇನ್ನೂ ರೂಪುಗೊಳ್ಳುತ್ತಿರುವಾಗ ಬಾಣದ ಕೀಲಿಯೂ ಎಂಟರ್ ಕೀಲಿಯೂ ಕೀಬೋರ್ಡಿನ ಸ್ವಂತ ಪಟ್ಟಿಗೆ ಸೇರಿದ್ದಿರಬಹುದು. ಈಸ್‌ಕಂಪೋಸಿಂಗ್ (ಪದ ಇನ್ನೂ ರೂಪುಗೊಳ್ಳುತ್ತಿದೆ ಎಂಬ ಸೂಚನೆ) ನಿಜವಿದ್ದಷ್ಟು ಹೊತ್ತು ಆ ಕೀಲಿಗಳನ್ನು ನಿಮ್ಮ ಪಟ್ಟಿ ಮುಟ್ಟಬಾರದು, ಪೆಟ್ಟಿಗೆಯ ಪಠ್ಯವನ್ನೂ ಕೋಡಿನಿಂದ ತಿದ್ದಬಾರದು. ತಿದ್ದಿದರೆ ಅಕ್ಷರಗಳು ಎರಡೆರಡು ಬಾರಿ ಬೀಳುತ್ತವೆ, ಇಲ್ಲವೇ ನುಂಗಿಹೋಗುತ್ತವೆ.

ಪ್ರತಿ ಕೀಲಿಗೂ ಸರ್ವರಿಗೆ ಓಡಬೇಕಿಲ್ಲ. ಕೈ ನಿಂತು 200ರಿಂದ 300 ಮಿಲಿಸೆಕೆಂಡು ಆದ ಮೇಲೆ ಒಂದು ವಿನಂತಿ ಹೋದರೆ ಸಾಕು. ಉತ್ತರಗಳು ಕೇಳಿದ ಕ್ರಮದಲ್ಲೇ ಬರುತ್ತವೆ ಎಂದು ನಂಬುವುದೂ ಬೇಡ. ‘ಕ’ಗೆ ಕೇಳಿದ ಉತ್ತರ ತಡವಾಗಿ, ‘ಕವಿ’ಗೆ ಕೇಳಿದ್ದು ಬೇಗ ಬಂದರೆ, ಸರಿಯಾದ ಪಟ್ಟಿಯನ್ನು ಹಳೆಯ ಪಟ್ಟಿ ಅಳಿಸಿಬಿಡುತ್ತದೆ. ವೇಗದ ಸಂಪರ್ಕದಲ್ಲಿ ಕೂತು ಪರೀಕ್ಷಿಸುವವರಿಗೆ ಈ ದೋಷ ಕಾಣಸಿಗುವುದು ಅಪರೂಪ. ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ವಿನಂತಿ ರದ್ದುಮಾಡಿ, ಅಥವಾ ವಿನಂತಿಗಳಿಗೆ ಕ್ರಮಸಂಖ್ಯೆ ಕೊಟ್ಟು ಕೊನೆಯದರ ಉತ್ತರವನ್ನಷ್ಟೇ ಸ್ವೀಕರಿಸಿ. ಸಣ್ಣ ದತ್ತಾಂಶಕ್ಕೆ ಇನ್ನೂ ಸರಳ ದಾರಿಯಿದೆ. ಪಠ್ಯವನ್ನು ಬೈಟುಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. ಸರಾಸರಿ 12 ಸಂಕೇತದ 5,000 ಹೆಸರುಗಳೆಂದರೆ ಸುಮಾರು 180 ಕಿಲೋಬೈಟ್, ಕುಗ್ಗಿಸಿ ಕಳಿಸಿದರೆ ಅದಕ್ಕಿಂತ ಕಡಿಮೆ. ಒಮ್ಮೆ ಇಳಿಸಿಕೊಂಡು ಬ್ರೌಸರಿನಲ್ಲೇ ಹುಡುಕಿದರೆ ಸರ್ವರಿನ ಗೊಡವೆಯೇ ಇಲ್ಲ.

ಇದರಲ್ಲಿ ಗೋಪ್ಯತೆಯ ಲಾಭವೂ ಇದೆ. ‘ಸಲ್ಲಿಸು’ ಒತ್ತುವವರೆಗೆ ತಾವು ಬರೆದದ್ದು ತಮ್ಮಲ್ಲೇ ಇದೆ ಎಂದು ಜನ ನಂಬಿರುತ್ತಾರೆ. ಸರ್ವರಿನಿಂದ ಸಲಹೆ ತರಿಸುವ ಪೆಟ್ಟಿಗೆ ಅರೆಬರೆ ಬರೆದದ್ದನ್ನೂ, ಕೈತಪ್ಪಿ ಅಂಟಿಸಿದ ಪಾಸ್‌ವರ್ಡನ್ನೂ ಕಳಿಸಿಬಿಡುತ್ತದೆ. ಗೆಟ್ ಬಗೆಯ ವಿನಂತಿಯಾದರೆ ಅದು ಜಾಲ ವಿಳಾಸದ ಭಾಗವಾಗಿ ಸರ್ವರಿನ ದಾಖಲೆಯಾದ ಲಾಗ್‌ನಲ್ಲಿ ಉಳಿದೂಬಿಡಬಹುದು. ಕಾಯಿಲೆ, ದೂರು, ಹಣದ ವಿಷಯ ಕೇಳುವ ಪೆಟ್ಟಿಗೆಗಳಲ್ಲಿ ಹೀಗಾಗಕೂಡದು. ಬೇರೆ ಬಳಕೆದಾರರು ಟೈಪ್ ಮಾಡಿದ್ದನ್ನೇ ಸಲಹೆಯಾಗಿ ತೋರಿಸುವವರು ಅದರ ಹೊಣೆಯನ್ನೂ ಹೊರಬೇಕು. ಗೂಗಲ್‌ನ ಸಲಹೆಗಳಿಂದ ವ್ಯಕ್ತಿಯ ಮಾನಕ್ಕೆ ಧಕ್ಕೆಯಾಗುತ್ತಿದೆ ಎಂದು ತಿಳಿಸಿದ ಮೇಲೆ ಅವನ್ನು ತೆಗೆಯಲೇಬೇಕೆಂದು ಜರ್ಮನಿಯ ಫೆಡರಲ್ ನ್ಯಾಯಾಲಯ 2013ರ ಮೇ ತಿಂಗಳಲ್ಲೇ ತೀರ್ಪು ಕೊಟ್ಟಿದೆ. ಸಲಹೆಯನ್ನು ಪುಟಕ್ಕೆ ಸೇರಿಸುವಾಗ ಇನ್ನರ್‌ಎಚ್‌ಟಿಎಂಎಲ್ (ಪಠ್ಯವನ್ನು ಕೋಡೆಂದೇ ಓದುವ ವಿಧಾನ) ಬಳಸದೆ, ಬರಿಯ ಪಠ್ಯವಾಗಿಡುವ ಟೆಕ್ಸ್ಟ್‌ಕಂಟೆಂಟ್ ಬಳಸಿ. ಇಲ್ಲವಾದರೆ ಯಾರೋ ಹೆಸರಿನ ಜಾಗದಲ್ಲಿ ಸೇರಿಸಿಟ್ಟ ಸ್ಕ್ರಿಪ್ಟ್ ಎಲ್ಲರ ಬ್ರೌಸರಿನಲ್ಲೂ ಓಡಬಹುದು.

ಕಣ್ಣು ಕಾಣದವರ ಮಾತು. ಅವರಿಗೆ ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಪಟ್ಟಿ ಬಿಚ್ಚಿದ್ದು ತಾನಾಗಿ ತಿಳಿಯದು. ಇನ್‌ಪುಟ್‌ಗೆ ಕಾಂಬೊಬಾಕ್ಸ್, ಪಟ್ಟಿಗೆ ಲಿಸ್ಟ್‌ಬಾಕ್ಸ್, ಒಂದೊಂದು ಸಾಲಿಗೂ ಆಪ್ಷನ್ ಎಂಬ ಪಾತ್ರ (ರೋಲ್) ಕೊಡಬೇಕು. ಇಂಥ ಗುರುತುಗಳ ಮಾನಕಕ್ಕೆ ಏರಿಯಾ ಎಂದು ಹೆಸರು. ಪಟ್ಟಿ ತೆರೆದಿದೆಯೇ ಎಂಬುದನ್ನು ಏರಿಯಾ-ಎಕ್ಸ್‌ಪ್ಯಾಂಡೆಡ್, ಯಾವ ಸಾಲಿನಲ್ಲಿದ್ದೇವೆ ಎಂಬುದನ್ನು ಏರಿಯಾ-ಆಕ್ಟಿವ್‌ಡಿಸೆಂಡೆಂಟ್ ಹೇಳಬೇಕು. ‘5 ಸಲಹೆಗಳಿವೆ’ ಎಂದು ಲೈವ್ ರೀಜನ್‌ನಲ್ಲಿ ಬರೆದರೆ ಸ್ಕ್ರೀನ್ ರೀಡರ್ ಅದನ್ನು ತಾನಾಗಿ ಓದಿ ಹೇಳುತ್ತದೆ. ಕಾಂಬೊಬಾಕ್ಸ್ ಪಾತ್ರವನ್ನು ಸುತ್ತಲಿನ ಚೌಕಟ್ಟಾದ ಡಿವ್‌ಗೆ ಕೊಡುವುದು ಏರಿಯಾ 1.1ರ ಕಾಲದ ಕ್ರಮ, 1.2ರಲ್ಲಿ ಅದು ಇನ್‌ಪುಟ್‌ಗೇ ಬಂದಿದೆ. ಹಳೆಯ ಕೋಡನ್ನು ನಕಲು ಮಾಡುವವರು ಇಲ್ಲೇ ಎಡವುತ್ತಾರೆ. ಕೆಳಬಾಣ, ಮೇಲ್ಬಾಣಗಳಿಂದ ಸಾಲು ಬದಲಾಗಬೇಕು, ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚಿ ಬರೆದದ್ದು ಉಳಿಯಬೇಕು. ಫೋನಿನಲ್ಲಿ ಕೀಬೋರ್ಡೇ ಅರ್ಧ ತೆರೆ ನುಂಗುವುದರಿಂದ ಐದಾರು ಸಲಹೆ ಸಾಕು, ದೊಡ್ಡ ತೆರೆಯಲ್ಲಿ ಹತ್ತು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಎತ್ತರ ಇರಬೇಕೆಂದು ಡಬ್ಲ್ಯುಸಿಎಜಿ 2.2 ಹೇಳುತ್ತದೆ, 44 ಕೊಟ್ಟರೆ ಬೆರಳಿಗೆ ನೆಮ್ಮದಿ.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ದೋಷ ಬೇರೆಯೇ ಇದೆ. ಪಟ್ಟಿಯಿಂದ ಹೆಸರು ಆರಿಸಿದಾಗ ಅದರ ಗುರುತಿನ ಸಂಖ್ಯೆ, ಅಂದರೆ ಐಡಿ, ಕಣ್ಣಿಗೆ ಕಾಣದ ಒಂದು ಪೆಟ್ಟಿಗೆಗೆ ಹೋಗುತ್ತದೆ. ಬಳಕೆದಾರರು ಆಮೇಲೆ ಹೆಸರನ್ನು ತಿದ್ದುತ್ತಾರೆ, ಐಡಿ ಮಾತ್ರ ಹಳೆಯದೇ ಉಳಿಯುತ್ತದೆ. ತೆರೆಯ ಮೇಲೆ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು. ಅರ್ಜಿ ತಿರಸ್ಕೃತವಾದರೂ ಕಾರಣ ಯಾರಿಗೂ ಹೊಳೆಯದು. ಆರಿಸಿದ ಮೇಲೆ ಪಠ್ಯ ಒಂದು ಸಂಕೇತದಷ್ಟು ಬದಲಾದರೂ ಐಡಿಯನ್ನು ಖಾಲಿ ಮಾಡಬೇಕು, ಸರ್ವರಿನಲ್ಲಿ ಹೆಸರು ಮತ್ತು ಐಡಿ ತಾಳೆ ನೋಡಬೇಕು. ಇದರ ಸೋದರ ದೋಷ, ಯಾವುದನ್ನೂ ಆರಿಸದೆ ಎಂಟರ್ ಒತ್ತಿದಾಗ ಪಟ್ಟಿಯ ಮೊದಲ ಸಾಲು ತಾನಾಗಿ ಕೂರುವುದು. ಬಾಣದಿಂದ ಸಾಲು ಆರಿಸಿದ್ದರೆ ಮಾತ್ರ ಎಂಟರ್ ಅದನ್ನು ಸ್ವೀಕರಿಸಲಿ, ಆ ಒಂದು ಒತ್ತಿಗೆ ಫಾರ್ಮ್ ಸಲ್ಲಿಕೆಯಾಗದಿರಲಿ. ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ‘ಸಿಗಲಿಲ್ಲ, ನೀವೇ ಬರೆಯಿರಿ’ ಎಂಬ ದಾರಿ ತೆರೆದಿರಲಿ.

ಜಾಲತಾಣ ಕಟ್ಟಿಸುವವರಿಗೆ ನಮ್ಮ ಕೋರಿಕೆ ಇಷ್ಟೇ. ಕೆಲಸ ಒಪ್ಪಿಕೊಂಡು ಹಣ ಕೊಡುವ ಮುನ್ನ ಹತ್ತು ನಿಮಿಷ ನೀವೇ ಕೂತು ನೋಡಿ. ‘ಸಾಫ್ಟ್‌ವೇರ್’ ಪದವನ್ನು ನಾನ್-ಜಾಯಿನರ್ ಇಟ್ಟು ಒಮ್ಮೆ, ಇಡದೆ ಒಮ್ಮೆ ಹುಡುಕಿ. ಫೋನಿನಲ್ಲಿ ಲಿಪ್ಯಂತರದ ಕೀಬೋರ್ಡಿನಿಂದ ಟೈಪ್ ಮಾಡಿ. ಮೌಸ್ ಬದಿಗಿಟ್ಟು ಬಾಣದ ಕೀಲಿಗಳಿಂದಲೇ ಒಂದು ಹೆಸರು ಆರಿಸಿ. ಬ್ರೌಸರಿನ ಡೆವಲಪರ್ ಸಾಧನದಲ್ಲಿ ಸಂಪರ್ಕವನ್ನು ನಿಧಾನಗೊಳಿಸಿ ಬೇಗ ಬೇಗ ಟೈಪ್ ಮಾಡಿ. ಆರಿಸಿದ ಹೆಸರಿನ ಕೊನೆಯ ಅಕ್ಷರ ಅಳಿಸಿ, ಬೇರೆಯದನ್ನು ಬರೆದು ಸಲ್ಲಿಸಿ, ದಾಖಲೆಯಲ್ಲಿ ಏನು ಉಳಿದಿದೆ ಎಂದು ತೆಗೆಸಿ ನೋಡಿ.

ಇಂತಿ ವಂದನೆಗಳೊಂದಿಗೆ,
ಜಾಲತಾಣ ರೂಪಿಸುವ ಕೆಲಸದಲ್ಲಿರುವ ಓದುಗರು